ಬ್ರೇಕ್ ಒತ್ತಿದರೆ ಮಂಕಾಗುತ್ತಿದ್ದ ದೀಪ

ಹೋದ ತಿಂಗಳು ರಾತ್ರಿ ಎಂಟರ ಸುಮಾರಿಗೆ ಹರಿಹರದಿಂದ ಬರುವಾಗ, ಬಾತಿ ಹತ್ತಿರ ಲಾರಿಯವರೊಬ್ಬರು ಅಪ್ಪಾಜಿಯ ಓಮ್ನಿಯನ್ನ ಕೈ ಮಾಡಿ ನಿಲ್ಲಿಸಿದರಂತೆ. "ಯಜಮಾನ್ರೇ, ನೀವು ಬ್ರೇಕ್ ಹಿಡಿದ್ರೆ ಹಿಂದ ಗೊತ್ತೇ ಆಗಲ್ಲಲ್ರೀ. ಬಲಗಡೆದು ಹತ್ತಲ್ಲ, ಎಡಗಡೆದು ಇನ್ನೂ ಮಂಕಾಗ್ತೈತಿ. ಇನ್ನೊಂದು ಮಾರು ಇದ್ದಿದ್ರೆ ನಾ ಗುದ್ದೇ ಬಿಡ್ತಿದ್ದೆ" ಅಂದರಂತೆ. ಇದನ್ನ ಅಪ್ಪಾಜಿ ಊಟಕ್ಕೆ ಕೂತಾಗ ಸಾರು ಬಡಿಸಿಕೊಳ್ತಾ ಹೇಳಿದರು. ನನಗೆ ತುತ್ತು ಇಳಿಯಲಿಲ್ಲ.

ಅಪ್ಪಾಜಿಗೆ ಎಪ್ಪತ್ತೊಂದು. ಮಂಡಕ್ಕಿ ವ್ಯಾಪಾರ ಬಿಟ್ಟೆ ಅಂತಾರೆ, ಆದರೆ ವಾರಕ್ಕೆರಡು ದಿನ ಇಲ್ಲಿಯ ಭಟ್ಟಿಯಿಂದ ಚೀಲ ತುಂಬಿಕೊಂಡು ಹರಿಹರ, ಮಲೇಬೆನ್ನೂರಿನ ಅಂಗಡಿಗಳಿಗೆ ಹಾಕಿ ಬರ್ತಾರೆ. ಗಾಡಿ 2004ರದ್ದು. ಓಮ್ನಿ ತಯಾರಾಗೋದು 2019ಕ್ಕೇ ನಿಂತಿತು. ಹಿಂದೆ ಎರಡೇ ಬ್ರೇಕ್ ಲೈಟು, ಗಾಜಿನ ಮೇಲೆ ಮೂರನೆಯದು ಇಲ್ಲ. ಎರಡೂ ಕೆಟ್ಟರೆ ಹಿಂದಿನವನಿಗೆ ಹೇಳೋಕೆ ಬೇರೆ ದಾರಿಯೇ ಇಲ್ಲ.

ಮಾರನೇ ದಿನ ಗಾಡಿ ರಿಪೇರಿ ಅಂಗಡಿಗೆ ತೋರಿಸಿದ್ವಿ. ಬಲಗಡೆ ಬಲ್ಬ್ ಸುಟ್ಟಿತ್ತು, ಹಾಕಿದರು, ಸರಿಹೋಯ್ತು. ಎಡಗಡೆಗೂ ಹೊಸ ಬಲ್ಬ್ ಹಾಕಿದರು. ಪೆಡಲ್ ಮೇಲಿನ ಸ್ವಿಚ್ಚನ್ನೂ ಬದಲಾಯಿಸಿದರು. ಆದರೆ ಎಡಗಡೆದು ಹಾಗೇ ಇತ್ತು. ಒಂದೇ ಸ್ವಿಚ್ಚಿಂದ ಎರಡೂ ಕಡೆಗೆ ಕರೆಂಟ್ ಹೋಗುವಾಗ, ಬಲಗಡೆದು ಧಗ್ ಅಂತ ಹತ್ತುತ್ತಿದ್ದರೆ ಸ್ವಿಚ್ಚಿನ ತಪ್ಪು ಹೇಗಾಗುತ್ತೆ? ಕೇಳಿದೆ. ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ಮರಳೋ ಜೋಡಣೆ, ನೋಡಿ ಅಂತಲೂ ಅಂದೆ. ಮೀಟರ್ ಇಟ್ಟು ಬೀಪ್ ಬಂದಿದ್ದು ತೋರಿಸಿ, "ಅರ್ಥಿಂಗ್ ಸರಿ ಐತೆ ಮೇಡಂ, ಹಳೇ ಗಾಡಿ, ಇನ್ನೇನು ಮಾಡೋದು" ಅಂದರು.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು, ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ. "ಹಳೇ ಗಾಡಿ" ಅನ್ನೋದನ್ನ ಕಾರಣ ಅಂತ ಒಪ್ಪೋಕೆ ನನ್ನಿಂದ ಆಗಲಿಲ್ಲ. ಭಾನುವಾರ ಬೆಳಗ್ಗೆ ಗಾಡಿಯನ್ನ ಮನೆ ಮುಂದೆ ನೆರಳಿಗೆ ಹಾಕಿಸಿದೆ.

ಅಪ್ಪಾಜಿಯನ್ನ ಸೀಟಿನಲ್ಲಿ ಕೂರಿಸಿ ಬ್ರೇಕ್ ಒತ್ತಿಸಿದೆ. ಮೂರು ಸಲ ಒತ್ತಿಸಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಒತ್ತಿದಾಗಲೆಲ್ಲ ಪಕ್ಕದ ಎಡ ಇಂಡಿಕೇಟರ್ ಬಲ್ಬಿನೊಳಗಿನ ತಂತಿ ಸಣ್ಣಗೆ ಕೆಂಪಗಾಗುತ್ತಿತ್ತು. ಕೈಯಿಂದ ಬಿಸಿಲು ಮರೆ ಮಾಡಿದರೆ ಮಾತ್ರ ಕಾಣುವಷ್ಟು. ಇಂಡಿಕೇಟರ್ ಹಾಕಿಯೇ ಇಲ್ಲ! ಬ್ರೇಕಿನ ಕರೆಂಟು ತನ್ನ ದಾರಿ ಬಿಟ್ಟು ಬೇರೆಯವರ ಮನೆಯೊಳಗಿಂದ ಹಾದು ಹೋಗ್ತಿದೆ ಅಂದರೆ, ವಾಪಸ್ ಹೋಗೋ ದಾರಿ ಕಟ್ಟಿಕೊಂಡಿದೆ ಅಂತಲೇ ಅರ್ಥ. ಗಾಡಿಯಲ್ಲಿ ಬಲ್ಬಿಗೆ ಬರೋದು ವೈರು, ಬ್ಯಾಟರಿಗೆ ಮರಳೋ ದಾರಿ ಬಾಡಿಯ ತಗಡೇ. ಟೇಲ್ (ರಾತ್ರಿ ಹಿಂದೆ ಸದಾ ಉರಿಯೋ ದೀಪ), ಬ್ರೇಕ್, ಇಂಡಿಕೇಟರ್ ಮೂರಕ್ಕೂ ನಮ್ಮ ಗಾಡಿಯಲ್ಲಿ ಆ ಮೂಲೆಯ ಒಂದೇ ಕಪ್ಪು ವೈರು ಅರ್ಥಿಂಗು.

ಮೀಟರನ್ನ ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನ ಹೋಲ್ಡರಿನ ಅರ್ಥಿಂಗಿಗೆ, ಇನ್ನೊಂದನ್ನ ಬಣ್ಣ ಕೆರೆದ ತಗಡಿಗೆ ಹಿಡಿದೆ. "ಒತ್ತಿ ಅಪ್ಪಾಜಿ." 5.4 ವೋಲ್ಟ್ ತೋರಿಸಿತು. ಅಲ್ಲಿ ಬರಬೇಕಾದ್ದು ಹೆಚ್ಚೆಂದರೆ 0.2. ಹನ್ನೆರಡರಲ್ಲಿ ಹತ್ತಿರ ಹತ್ತಿರ ಅರ್ಧವನ್ನ ಆ ಜೋಡಣೆಯೇ ನುಂಗುತ್ತಿತ್ತು.

ಅಂಗಡಿಯ ಬೀಪ್ ಯಾಕೆ ದಾರಿ ತಪ್ಪಿಸಿತು ಅನ್ನೋದನ್ನ ಬಿಡಿಸಿ ಹೇಳಲೇಬೇಕು. ಏಳೆಂಟು ಓಮ್ ಅಡ್ಡಿ ಇದ್ದರೂ ಸಾಮಾನ್ಯ ಮೀಟರ್ ಬೀಪ್ ಅನ್ನುತ್ತೆ, ಅದು ಹರಿಸಿ ನೋಡೋದು ಚೂರು ಕರೆಂಟು. ಆದರೆ 21 ವ್ಯಾಟ್ ಬ್ರೇಕ್ ಬಲ್ಬಿಗೆ ಬೇಕಾದ್ದು 1.75 ಆಂಪಿಯರ್. ಉರಿಯುವಾಗ ಅದರ ತಂತಿಯ ಅಡ್ಡಿಯೇ ಸುಮಾರು ಏಳು ಓಮ್. ತುಕ್ಕೂ ಅಷ್ಟೇ ಆದರೆ ವೋಲ್ಟೇಜು ಇಬ್ಬರಿಗೂ ಹಂಚಿಹೋಗುತ್ತೆ. ವೋಲ್ಟೇಜು ಅರ್ಧವಾದರೆ ಬೆಳಕು ಅರ್ಧ ಆಗಲ್ಲ, ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದುಬಿಡುತ್ತೆ. ಜೊತೆಗೆ ಅದೇ ಬಲ್ಬಿನೊಳಗಿನ 5 ವ್ಯಾಟಿನ ಟೇಲ್ ತಂತಿಗೆ ಸಿಗೋ ವೋಲ್ಟೇಜೂ ಕಡಿಮೆಯಾಗುತ್ತೆ. ಅದಕ್ಕೇ ಲಾರಿಯವರಿಗೆ ಬ್ರೇಕ್ ಹಿಡಿದಾಗ ದೀಪ ಮಂಕಾದಂಗೆ ಕಂಡಿದ್ದು. ಆದ್ದರಿಂದ ಅರ್ಥಿಂಗನ್ನ ಬ್ರೇಕ್ ಒತ್ತಿಸಿಯೇ, ಬಲ್ಬ್ ಉರಿಯುವಾಗಲೇ ಪರೀಕ್ಷೆ ಮಾಡಬೇಕು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಒಳಗಿನ ರೆಕ್ಸಿನ್ ಸರಿಸಿ ಕಪ್ಪು ವೈರಿನ ಗುಂಟ ಹೋದೆ. ಥಿಂಬಲ್ ಸಿಕ್ಕಿತು, ವೈರಿನ ತುದಿಗೆ ಒತ್ತಿ ಸ್ಕ್ರೂ ಹಾಕಿ ಬಿಗಿಯೋ ಲೋಹದ ಬಳೆ. ಸ್ಕ್ರೂ ತಲೆ ಕಂದು, ಥಿಂಬಲಿನ ಅಂಚಿಗೆ ಹಸಿರು, ಕೆಳಗೆ ಒದ್ದೆ ಬಿಳಿ ಪುಡಿ. ಮೂಲೆಯಲ್ಲಿ ನಾಲ್ಕು ಮಂಡಕ್ಕಿ ಕಾಳು ಮೆತ್ತಗಾಗಿ ಅಂಟಿಕೊಂಡಿದ್ದವು. ಅವನ್ನ ನೋಡಿದ ಮೇಲೆ ಎಲ್ಲಾ ತಿಳಿಯಿತು. ಭಟ್ಟಿಯಲ್ಲಿ ಹುರಿಯೋ ಮೊದಲು ಅಕ್ಕಿಗೆ ಉಪ್ಪುನೀರು ಹಿಡಿಸ್ತಾರೆ. ಚೀಲದಿಂದ ಉದುರೋ ಪುಡಿ ಇಪ್ಪತ್ತು ವರ್ಷದಿಂದ ಆ ಮೂಲೆಯಲ್ಲೇ ಕೂತಿದೆ. ಉಪ್ಪು ಮಳೆಗಾಲದ ತೇವ ಎಳೆದುಕೊಳ್ಳುತ್ತೆ, ತೇವ ತಗಡನ್ನ ತಿನ್ನುತ್ತೆ. ಗಾಡಿ ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ.

"ನಮ್ಮ ಅನ್ನಾನೇ ತಿಂದೇತಿ ನೋಡವ್ವಾ ಇದನ್ನ" ಅಂದರು ಅಪ್ಪಾಜಿ, ಬಗ್ಗಿ ನೋಡುತ್ತಾ.

ಎಮರಿ ಪೇಪರಿನಿಂದ ತಗಡು ಬೆಳ್ಳಗೆ ಹೊಳೆಯೋವರೆಗೆ ಉಜ್ಜಿದೆ. ವೈರನ್ನ ಎರಡು ಇಂಚು ಹಿಂದಕ್ಕೆ ಕತ್ತರಿಸಿದೆ, ಒಳಗಿನ ತಾಮ್ರವೂ ಕಪ್ಪಗಾಗಿತ್ತು. ಇನ್ನೂ ಒಂದಿಂಚು ಕತ್ತರಿಸಿದ ಮೇಲೆ ಕೆಂಪು ತಾಮ್ರ ಬಂತು. ಚಿಕ್ಕದಾದದ್ದಕ್ಕೆ ತುಂಡು ವೈರು ಬೆಸೆದು, ಹೊಸ ಥಿಂಬಲ್ ಒತ್ತಿ, ಹೊಸ ಸ್ಕ್ರೂ ಬಿಗಿದು ಮೇಲೆ ಗ್ರೀಸ್ ಸವರಿದೆ. ನೆಗೆಟಿವ್ ಹಾಕಿ ಮತ್ತೆ ಮೀಟರ್ ಹಿಡಿದರೆ 0.06. ಒಟ್ಟು ಖರ್ಚು ನಲವತ್ತು ರೂಪಾಯಿ ಒಳಗೇ.

ಸಂಜೆ ಕತ್ತಲಾದ ಮೇಲೆ ಅಪ್ಪಾಜಿ ತಾವೇ ಗಾಡಿಯನ್ನ ರಿವರ್ಸ್ ತಗೊಂಡು ಎದುರು ಮನೆ ಸುಣ್ಣದ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿದರು. ಗೋಡೆ ಮೇಲೆ ಎರಡು ಕೆಂಪು, ಎರಡೂ ಒಂದೇ ಸಮ. ಕನ್ನಡಿಯಲ್ಲಿ ನೋಡಿಕೊಂಡು ಇನ್ನೊಂದು ಸಲ ಒತ್ತಿದರು. ಈಗ ಹೊರಡೋ ಮುಂಚೆ ದಿನಾ ಹೀಗೇ ನೋಡ್ತಾರೆ, ಚೀಲದ ಕೆಳಗೆ ತಾಡಪಾಲೂ ಹಾಸ್ತಾರೆ.

ನಿನ್ನೆ ಬಲಗಡೆ ರೆಕ್ಸಿನ್ ಎತ್ತಿ ನೋಡಿದೆ. ಅಲ್ಲೂ ಬಿಳಿ ಪುಡಿ ಶುರುವಾಗಿದೆ. ಥಿಂಬಲ್ ತಂದಿಟ್ಟಿದ್ದೀನಿ, ಬರೋ ಭಾನುವಾರ ಅದು.