ಮಂಚದ ಕೆಳಗಿನ ಮರಿ ತಾನಾಗಿಯೇ ಬರಲಿ

ಕಲಬುರಗಿಯ ಬ್ರಹ್ಮಪುರದ ಆ ಮನೆಗೆ ಮರಿ ಬಂದ ಮರುದಿನ. ಮೇ ತಿಂಗಳು, ಬೆಳಗ್ಗೆ ಏಳಕ್ಕೇ ಅಂಗಳಕ್ಕೆ ಬಿಸಿಲು ಇಳಿದಿತ್ತು. ಓಣಿಯ ನಾಯಿ ಹಾಕಿದ ಮರಿ, ವಯಸ್ಸು 9 ವಾರ. ರಾತ್ರಿಯೆಲ್ಲ ಅತ್ತು, ಬೆಳಗಾಗುತ್ತಲೇ ಮಂಚದ ಕೆಳಗೆ ಸೇರಿಕೊಂಡಿತ್ತು. ಮನೆಯ ಹುಡುಗ ಬೋರಲು ಮಲಗಿ ಕೈ ಚಾಚಿ ಅದರ ಮುಂಗಾಲು ಹಿಡಿದು ಎಳೆಯುತ್ತಿದ್ದ. ಮರಿ ಗೋಡೆಗೆ ಒತ್ತಿಕೊಂಡು ಮತ್ತೆ ಮತ್ತೆ ತುಟಿ ನೆಕ್ಕುತ್ತಿತ್ತು, ಕಣ್ಣಿನ ಬಿಳಿಭಾಗ ಕಾಣುತ್ತಿತ್ತು.

"ಎಳೀಬ್ಯಾಡೋ ತಮ್ಮಾ, ಹೆದರ್ಯಾದ ಅದು," ಎಂದು ಆಯಿ (ಹುಡುಗನ ಅಜ್ಜಿ) ಹೇಳುತ್ತಲೇ ಇದ್ದರು.

ಆಯಿ ಹೇಳಿದ್ದು ಸರಿ. ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಆ ಕಡೆ ತಿರುಗಿಸುವುದು, ಒಂದು ಮುಂಗಾಲು ಎತ್ತಿ ನಿಲ್ಲುವುದು, ಬಾಲ ಹೊಟ್ಟೆಯ ಕೆಳಗೆ ಸೇರಿಸುವುದು, ಇವೆಲ್ಲ "ದೂರ ಸರಿ" ಎಂದು ಮರಿ ಕೇಳಿಕೊಳ್ಳುವ ರೀತಿ. ಇವನ್ನು ನಾವು ಗಮನಿಸದಿದ್ದರೆ ಅದು ಗುರ್ರ್ ಅನ್ನುತ್ತದೆ. ಅದಕ್ಕೂ ಬೈದು ಹೊಡೆದರೆ ಗುರ್ರ್ ಅನ್ನುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. "ಏನೂ ಸುಳಿವು ಕೊಡದೆ ಕಚ್ಚಿತು" ಎಂದು ಜನ ಹೇಳುವ ನಾಯಿಗಳಲ್ಲಿ ಎಷ್ಟೋ, ಸುಳಿವು ಕೊಟ್ಟು ಕೊಟ್ಟು ಏಟು ತಿಂದವು. ಮರಿ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಜಗತ್ತಿನಲ್ಲಿ ಯಾವುದು ಸುರಕ್ಷಿತ, ಯಾವುದಕ್ಕೆ ಹೆದರಬೇಕು ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಈ ವಾರಗಳಲ್ಲಿ ಮನುಷ್ಯನ ಕೈ ಎಳೆಯುವ ಕೈಯಾದರೆ, ಆಮೇಲೆ ಅದನ್ನು ಅಳಿಸಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ಹುಡುಗನನ್ನು ಎಬ್ಬಿಸಿ ಮಂಚದಿಂದ ನಾಲ್ಕಡಿ ದೂರ, ಮರಿಗೆ ಎದುರಾಗಿ ಅಲ್ಲ, ಮಗ್ಗುಲಾಗಿ ಕೂಡಿಸಲಾಯಿತು. ನೆಟ್ಟ ನೋಟ, ಬಾಗಿದ ಮೈ, ಚಾಚಿದ ಕೈ ಮೂರೂ ಮರಿಗೆ ಭಯ. ಆ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಹಾಗಾಗಿ ಪನೀರನ್ನು ತೊಗರಿ ಕಾಳಿನಷ್ಟು ಚೂರು ಮಾಡಿಕೊಂಡೆವು. ಮಾಂಸ ನಡೆಯುವ ಮನೆಯಾದರೆ ಉಪ್ಪು-ಖಾರ ಇಲ್ಲದೆ ಬೇಯಿಸಿದ ಕೋಳಿ ಇನ್ನೂ ಒಳ್ಳೆಯದು. ಮೊದಲ ಚೂರು ಮರಿಯ ಮೂತಿಯ ಹತ್ತಿರ, ಎರಡನೆಯದು ಮಂಚದ ಅಂಚಿಗೆ. ಅದು ಅಂಚಿಗೆ ಬಂದು ತಿಂದ ಕೂಡಲೇ ಮೂರನೆಯದನ್ನು ಅದರ ಹಿಂದಕ್ಕೆ, ಮಂಚದ ಒಳಗೇ ಎಸೆಯಬೇಕು.

ಬಹಳ ಜನ ತಪ್ಪುವುದು ಇಲ್ಲೇ. ತಿನಿಸು ತೋರಿಸುತ್ತಾ ಹತ್ತಿರ ಹತ್ತಿರ ಕರೆದರೆ ಮರಿ ಆಸೆಗೆ ಬಿದ್ದು ತನ್ನ ಧೈರ್ಯ ಮೀರಿ ಬಂದುಬಿಡುತ್ತದೆ. ತಿನಿಸು ಮುಗಿದ ಕ್ಷಣ, ತಾನು ಹೆದರುವ ಮನುಷ್ಯನ ಪಕ್ಕದಲ್ಲೇ ನಿಂತಿದ್ದೇನೆ ಎಂದು ಗೊತ್ತಾಗಿ ಬೆಚ್ಚುತ್ತದೆ. ಹಿಂದಕ್ಕೆ ಎಸೆದರೆ ದೂರ ಹೋಗುವುದಕ್ಕೂ ಕೂಲಿ ಸಿಕ್ಕಂತಾಯಿತು. ಹೋಗಿ ತಿಂದು ಮತ್ತೆ ಬರುವುದು ಅದರದೇ ತೀರ್ಮಾನ. ಮರಿ ನಂಬುವುದು ತಾನೇ ತೀರ್ಮಾನಿಸಿ ಬಂದದ್ದನ್ನು ಮಾತ್ರ. ಒಲೆಯ ಮೇಲಿನ ಚಹಾ ಇಳಿಸುವಷ್ಟರಲ್ಲಿ ಅದು ಹುಡುಗನ ಮೊಣಕಾಲು ಮೂಸಿ ಹೋಗಿತ್ತು.

ಅವನು ಥಟ್ಟನೆ ತಲೆ ಸವರಲು ಹೋದ. ತಲೆಯ ಮೇಲಿಂದ ಬರುವ ಕೈ ಮರಿಗೆ ಕಾಣುವುದು ತಡವಾಗಿ, ಅದಕ್ಕೇ ತಗ್ಗಿಬಿಡುತ್ತದೆ. "ತಲಿ ಬ್ಯಾಡ, ಎದಿ ಕೆಳಗ ಕೆರಿ," ಎಂದು ನಾವು ಹೇಳಿದ ಮೇಲೆ ಬೆರಳ ತುದಿಯಿಂದ ಎದೆ ಕೆರೆದ. ಮೂರು ಸೆಕೆಂಡು ಕೆರೆದು ಕೈ ತೆಗೆಯಬೇಕು, ನೋಡಬೇಕು. ಮರಿ ಒರಗಿದರೆ, ಕೈಯನ್ನು ಮೂತಿಯಿಂದ ನೂಕಿದರೆ ಇನ್ನಷ್ಟು ಕೆರೆಯಬಹುದು. ಮೈ ಕೊಡವಿಕೊಂಡರೆ, ಸರಿದರೆ ಅಲ್ಲಿಗೆ ಸಾಕು. ಮಕ್ಕಳಿಗೆ ಈ ಮೂರು ಸೆಕೆಂಡಿನ ನಿಯಮ ಹೇಳಿಕೊಟ್ಟರೆ ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಕೊರಳಪಟ್ಟಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ; ಮರಿ ಬೆಳೆಯುವುದರಿಂದ ವಾರಕ್ಕೊಮ್ಮೆ ನೋಡಿ ಸಡಿಲಿಸಿ. ಕೈ ಪಟ್ಟಿಗೆ ತಾಕಿದರೆ ಓಡದಂತೆ ಕಲಿಸುವುದು ಈ ವಾರದ ಕೆಲಸ, ಏಕೆಂದರೆ ಗೇಟು ತೆರೆದಾಗ ರಸ್ತೆಗೆ ನುಗ್ಗುವ ನಾಯಿಯನ್ನು ಉಳಿಸುವುದು ಅದೇ. ಮೊದಲು ಒಂದು ಬೆರಳಿನಿಂದ ಪಟ್ಟಿ ಮುಟ್ಟಿ, ಆಮೇಲೆ ತಿನಿಸು ಕೊಡಿ. ಈ ಕ್ರಮ ತಿರುವುಮುರುವಾದರೆ ಕೆಲಸ ಕೆಡುತ್ತದೆ. ತಿನಿಸು ತೋರಿಸಿ ಆಮೇಲೆ ಹಿಡಿದರೆ, ತಿನಿಸು ಕಂಡರೆ ಹಿಡಿಯುತ್ತಾರೆ ಎಂದು ಮರಿ ಕಲಿತು, ಪನೀರು ಕಂಡರೂ ಹಿಂದೆ ಸರಿಯುತ್ತದೆ. ಮುಟ್ಟಿ ಕೊಟ್ಟರೆ, ಕೈ ಬಂದಾಗ ತಾನೇ ಕೊರಳು ಮುಂದೆ ಮಾಡುತ್ತದೆ. ಬೆರಳು ತಾಕಿಸುವುದು, ಪಟ್ಟಿಯೊಳಗೆ ಬೆರಳು ತೂರಿಸುವುದು, ಒಂದು ಸೆಕೆಂಡು ಹಿಡಿಯುವುದು, ಮೂರು ಸೆಕೆಂಡು ಹಿಡಿಯುವುದು, ಹೀಗೆ ಮುಂದೆ. ಒಂದು ಸಲಕ್ಕೆ ಹತ್ತು ಚೂರು, ಎರಡು-ಮೂರು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಅದಕ್ಕಿಂತ ಹೆಚ್ಚಾದರೆ ಮರಿಯ ಗಮನ ನಿಲ್ಲುವುದಿಲ್ಲ. ಹೀಗೆ ಕೊಟ್ಟ ಚೂರುಗಳು ದಿನದ ಊಟದ ಹತ್ತನೇ ಒಂದು ಭಾಗ ಮೀರದಿರಲಿ.

ಊಟ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ. ನಮ್ಮ ಕಡೆ ಜೋಳದ ರೊಟ್ಟಿ, ಹಾಲು ಹಾಕಿ ಸಾಕುತ್ತಾರೆ. ಬೆಳೆಯುವ ಮರಿಗೆ ಅಷ್ಟೇ ಸಾಲದು, ಹಾಲು ಎಷ್ಟೋ ಮರಿಗಳಿಗೆ ಭೇದಿ ತರುತ್ತದೆ. ಸಸ್ಯಾಹಾರಿ ಮನೆಯಲ್ಲಿ ಮರಿಗಳಿಗೆಂದೇ ಬರುವ ಪೊಟ್ಟಣದ ಆಹಾರವನ್ನು ಮುಖ್ಯವಾಗಿ ಕೊಡುವುದೇ ಸುಲಭ. ತಟ್ಟೆಯಲ್ಲಿ ಉಳಿದ ರೊಟ್ಟಿಯನ್ನು ಶೇಂಗಾ ಹಿಂಡಿ (ಚಟ್ನಿಪುಡಿ) ಸಮೇತ ಹಾಕಬೇಡಿ, ಅದರಲ್ಲಿ ಬಳ್ಳೊಳ್ಳಿ ಇರುತ್ತದೆ. ಬಳ್ಳೊಳ್ಳಿ, ಉಳ್ಳಾಗಡ್ಡಿ ನಾಯಿಯ ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ.

ಹತ್ತು ಗಂಟೆಯ ಹೊತ್ತಿಗೆ ನಡುಮನೆಯಲ್ಲಿ ಉಚ್ಚೆ ಮಾಡಿತು. ಯಾರೋ ಹಿಡಿದು ಅದರಲ್ಲೇ ಮೂತಿ ತಿಕ್ಕಲು ಹೊರಟರು, ತಡೆದೆವು. ಮೂತಿ ತಿಕ್ಕಿದರೆ ಮರಿ ಕಲಿಯುವುದು "ಮನೆಯಲ್ಲಿ ಮಾಡಬಾರದು" ಎಂದಲ್ಲ, "ಮನುಷ್ಯರ ಎದುರು ಮಾಡಬಾರದು" ಎಂದು. ಆಮೇಲೆ ಅದು ಜೋಳದ ಚೀಲದ ಹಿಂದೆ ಕದ್ದು ಮಾಡುತ್ತದೆ. ಹೊರಗೆ ಕರೆದೊಯ್ದರೂ ನೀವು ಪಕ್ಕದಲ್ಲಿ ನಿಂತಿದ್ದರೆ ಮಾಡುವುದೇ ಇಲ್ಲ.

ಈ ವಯಸ್ಸಿನ ಮರಿ ಹಗಲು ಎರಡು ಗಂಟೆಗಿಂತ ಹೆಚ್ಚು ತಡೆಯಲಾರದು. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಐದರಿಂದ ಇಪ್ಪತ್ತು ನಿಮಿಷದೊಳಗೆ, ಆಟ ನಿಂತ ಕೂಡಲೇ ಎತ್ತಿಕೊಂಡು ಒಂದೇ ಜಾಗಕ್ಕೆ ಹೋಗಬೇಕು. ಆ ಮನೆಯಲ್ಲಿ ಹಿತ್ತಲ ಬೇವಿನ ಗಿಡದ ಬುಡದ ಮಣ್ಣು ಗೊತ್ತುಮಾಡಲಾಯಿತು. ಇಳಿಸಿ ಐದು ನಿಮಿಷ ಸುಮ್ಮನೆ ನಿಲ್ಲಬೇಕು, ಮಾತಾಡಿಸಬಾರದು. ಮಾಡಿ ಮುಗಿಸಿದ ಕ್ಷಣ ಅಲ್ಲೇ ತಿನಿಸು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟಂತಾಗುತ್ತದೆ. ಮಾಡದಿದ್ದರೆ ಒಳಗೆ ತಂದು ಬಿಟ್ಟುಬಿಡಬಾರದು. ಹತ್ತು ನಿಮಿಷ ತೊಡೆಯ ಮೇಲಿಟ್ಟುಕೊಂಡು ಮತ್ತೆ ಒಯ್ಯಬೇಕು. "ಹೊರಗ ಕರಕೊಂಡ್ ಹೋಗಿದ್ವಿ, ಒಳಗ ಬಂದು ಮಾಡ್ತದ" ಎನ್ನುವ ದೂರು ಬರುವುದು ಈ ಹತ್ತು ನಿಮಿಷ ಬಿಟ್ಟಿದ್ದರಿಂದ. ಬೇಸಿಗೆಯಲ್ಲಿ ಉಚ್ಚೆ ಕಡಿಮೆಯಾಗಲಿ ಎಂದು ನೀರು ತಡೆಯುವುದಂತೂ ಕೂಡದು.

ನೆಲ ಒರೆಸುವುದರಲ್ಲೂ ಒಂದು ಸೂಕ್ಷ್ಮವಿದೆ. ವಾಸನೆ ಉಳಿದ ಜಾಗಕ್ಕೇ ಮರಿ ಮರಳುತ್ತದೆ. ವಾಸನೆ ತೆಗೆಯಲು ವಿನೆಗರ್ ಹಾಕಿ ಎಂದು ಎಲ್ಲೆಡೆ ಹೇಳುತ್ತಾರೆ. ನಮ್ಮ ಮನೆಗಳ ನೆಲ ಶಹಾಬಾದ್ ಕಲ್ಲು, ಅದು ಸುಣ್ಣದ ಕಲ್ಲು. ವಿನೆಗರ್ ಆಗಲಿ ನಿಂಬೆರಸವಾಗಲಿ ಬಿದ್ದರೆ ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ. ಮೊದಲು ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಎಂಜೈಮ್ ಇರುವ ಬಟ್ಟೆ ಸೋಪಿನ ಪುಡಿಯ ನೀರು ಹಾಕಿ ಹತ್ತು ನಿಮಿಷ ಬಿಟ್ಟು, ಮತ್ತೆ ಬರೀ ನೀರಿನಿಂದ ಒರೆಸಿ. ಎರಡು ಕಲ್ಲಿನ ನಡುವಿನ ಸಂದಿಯಲ್ಲೇ ಉಚ್ಚೆ ಇಳಿದಿರುತ್ತದೆ, ಅಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಬೇಕು. ಮರಿ ನೆಕ್ಕುವ ನೆಲಕ್ಕೆ ಫಿನಾಯಿಲ್ ಬೇಡ. ನುಣುಪು ಕಲ್ಲಿನ ಮೇಲೆ ಮರಿಯ ಕಾಲು ಜಾರಿ ಅಗಲುತ್ತವೆ, ಓಡಾಡುವ ದಾರಿಗೆ ಗೋಣಿಚೀಲ ಹಾಸಿದರೆ ಅದರ ಧೈರ್ಯವೇ ಬೇರೆ.

ಮಧ್ಯಾಹ್ನ ಯಾವ ಕಲಿಕೆಯೂ ಬೇಡ. ಇಲ್ಲಿ ಮೇನಲ್ಲಿ 42–43 ಡಿಗ್ರಿ ಹೊಸದಲ್ಲ. ತಗಡಿನ ಕೋಣೆಯಲ್ಲಾಗಲಿ ಮಾಳಿಗೆಯ ಮೇಲಾಗಲಿ ಮರಿ ಇರಬಾರದು. ಹೊರಗೆ ಬಿಡುವ ಮುನ್ನ ಅಂಗೈಯ ಹಿಂಬದಿಯನ್ನು ನೆಲಕ್ಕೆ ಏಳು ಸೆಕೆಂಡು ಒತ್ತಿ ನೋಡಿ. ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ನಿಲ್ಲದ ತೇಕು, ಗಟ್ಟಿ ಜೊಲ್ಲು, ಕಡುಗೆಂಪು ವಸಡು, ತೂರಾಟ ಕಂಡರೆ ನೆರಳಿಗೆ ತಂದು ಹೊಟ್ಟೆ, ತೊಡೆಸಂದಿ, ಪಾದಕ್ಕೆ ನಲ್ಲಿಯ ನೀರು ಹೊಯ್ದು ಫ್ಯಾನ್ ಹಾಕಿ, ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಒದ್ದೆ ಟವೆಲ್ ಹೊದಿಸಿಡಬಾರದು, ಅದು ಬಿಸಿಯನ್ನು ಒಳಗೇ ಹಿಡಿಯುತ್ತದೆ. ಕೂಲರ್‌ನ ವೈರು ಮರಿಯ ಬಾಯಿಗೆ ಸಿಗದಂತೆ ಎತ್ತಿ ಕಟ್ಟಿರಿ.

ನಾಲ್ಕು ಗಂಟೆಗೆ ಎದ್ದ ಮರಿ ಆಯಿಯ ಚಪ್ಪಲಿ ಕಚ್ಚಿಕೊಂಡು ಓಡಿತು, ಮನೆ ಮಂದಿಯೆಲ್ಲ ಹಿಂದೆ ಓಡಿದರು. ಅಟ್ಟಿಸಿಕೊಂಡು ಹೋಗಿ ಕಿತ್ತುಕೊಂಡರೆ, ಮನುಷ್ಯ ಹತ್ತಿರ ಬಂದರೆ ನನ್ನದು ಹೋಗುತ್ತದೆ ಎಂದು ಮರಿ ತಿಳಿಯುತ್ತದೆ. ಮುಂದೆ ಬಾಯಲ್ಲಿದ್ದದ್ದನ್ನು ಗಬಕ್ಕನೆ ನುಂಗಲು ಕಲಿಯುವುದು, ತಟ್ಟೆಯ ಹತ್ತಿರ ಬಂದವರಿಗೆ ಗುರ್ರ್ ಅನ್ನುವುದು ಹೀಗೇ ಶುರುವಾಗುವುದು. ಮೂಗಿನ ಹತ್ತಿರ ಪನೀರ್ ಹಿಡಿದು, ಬಾಯಿ ತೆರೆಯುವಾಗ "ಬಿಡು" ಎಂದು, ಪನೀರ್ ಕೊಟ್ಟು, ಆಮೇಲೆ ಚಪ್ಪಲಿ ಎತ್ತಿಡಬೇಕು. ಅದು ಮರಿಯದೇ ಆಟಿಕೆಯಾಗಿದ್ದರೆ ತಿರುಗಿ ಕೊಟ್ಟುಬಿಡಿ. ಕೊಟ್ಟರೆ ಮರಳಿ ಬರುತ್ತದೆ ಎಂಬುದು ಗೊತ್ತಾಗಲಿ.

ಸಂಜೆಯ ಹೊತ್ತು ಕಚ್ಚಾಟ ಜಾಸ್ತಿ. ಹಲ್ಲು ತಾಕಿದ ಕೂಡಲೇ ಆಟ ನಿಲ್ಲಿಸಿ, ಕೈ ಮಡಚಿ, ಹದಿನೈದು ಸೆಕೆಂಡು ಮುಖ ತಿರುಗಿಸಿ ನಿಲ್ಲಿ. ಹಳೆಯ ಬಟ್ಟೆಯನ್ನು ಒದ್ದೆ ಮಾಡಿ ಹುರಿಹಾಕಿ ಫ್ರಿಜ್‌ನಲ್ಲಿ ತಣ್ಣಗಾಗಿಸಿ ಕಡಿಯಲು ಕೊಡಿ. ಮರಿಗೆ ದಿನಕ್ಕೆ 18 ಗಂಟೆಗೂ ಮಿಕ್ಕಿ ನಿದ್ದೆ ಬೇಕು. ಹುಚ್ಚೆದ್ದು ಕಚ್ಚುವ ಮರಿ ಬಹಳ ಸಲ ನಿದ್ದೆಗೆಟ್ಟ ಮರಿ, ಮಲಗಿಸಿದರೆ ಸರಿಹೋಗುತ್ತದೆ. ಓಣಿಯಿಂದ ಬಂದ, ಚುಚ್ಚುಮದ್ದು ಆಗದ ಮರಿಯ ಹಲ್ಲು ಗೀರಿ ಚರ್ಮ ಹರಿದರೆ ಮಾತ್ರ ಉದಾಸೀನ ಬೇಡ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ವಿಷಯ ಕೇಳಿ.

ಕುಳಿತುಕೊಳ್ಳಲು ಕಲಿಸುವುದು ಸುಲಭ. ಚೂರನ್ನು ಮೂಗಿನಿಂದ ಮೇಲಕ್ಕೆ, ತಲೆಯ ಹಿಂದಕ್ಕೆ ಒಯ್ದರೆ ಹಿಂಭಾಗ ತಾನೇ ಕೆಳಗಿಳಿಯುತ್ತದೆ. ಆಗ "ಶಾಭಾಸ್" ಎಂದು ಕೊಡಿ. ಸೊಂಟ ಒತ್ತಿ ಕೂಡಿಸಬೇಡಿ. ಹುಡುಗ "ಸಿಟ್", ಅವರಪ್ಪ "ಬೈಠ್", ಆಯಿ "ಕುಂದ್ರು" ಅನ್ನುತ್ತಿದ್ದರು. ಇಡೀ ದಿನ ಮರಿಯ ಜೊತೆ ಇರುವವರು ಆಯಿ, ಆದ್ದರಿಂದ "ಕುಂದ್ರು" ಎಂದೇ ತೀರ್ಮಾನವಾಯಿತು.

ಬಿಸಿಲು ಇಳಿದ ಮೇಲೆ ಮರಿಯನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಬಂದೆವು. ಕೆಳಗೆ ಇಳಿಸಲಿಲ್ಲ. ಮರಿಗಳಿಗೆ ಮಾರಕ ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬೀದಿನಾಯಿ ಓಡಾಡಿದ ನೆಲ ಈಗಲೇ ಬೇಡ. ಲಸಿಕೆ 6–8 ವಾರಕ್ಕೆ ಶುರುವಾಗಿ, 3–4 ವಾರಕ್ಕೊಂದರಂತೆ 16 ವಾರದವರೆಗೆ ನಡೆಯುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಎಲ್ಲ ಮುಗಿಯಲಿ ಎಂದು ಮನೆಯೊಳಗೇ ಇಟ್ಟರೆ ಆ 14ನೇ ವಾರದವರೆಗಿನ ಕಾಲ ಕಳೆದೇಹೋಗುತ್ತದೆ. ತೋಳಲ್ಲಿ ಎತ್ತಿಕೊಂಡು ತೋರಿಸುವುದೇ ದಾರಿ. ಆಟೊ, ಬುರ್ಖಾ ತೊಟ್ಟವರು, ಪೇಟ ಸುತ್ತಿದವರು, ಕೋಲು ಹಿಡಿದ ಮುತ್ಯಾ, ಹೆಲ್ಮೆಟ್ ಹಾಕಿದವರು, ಎಲ್ಲರನ್ನೂ ದೂರದಿಂದ ನೋಡಲಿ, ನೋಡಿದಾಗೆಲ್ಲ ಒಂದು ಚೂರು.

ಅಷ್ಟರಲ್ಲಿ ಮದುವೆ ಮೆರವಣಿಗೆಯ ಬ್ಯಾಂಡು ತಿರುವಿನಲ್ಲಿ ಕೇಳಿಸಿತು. ಮರಿ ಕಿವಿ ಹಿಂದಕ್ಕೆ ಒತ್ತಿತು, ಬಾಯಿಗಿಟ್ಟ ಪನೀರ್ ಉಗುಳಿತು. ಇಷ್ಟದ ತಿನಿಸು ಬೇಡವೆಂದರೆ ಭಯ ಮೀರಿದೆ ಎಂದೇ ಅರ್ಥ. ಅಲ್ಲೇ ನಿಂತು "ರೂಢಿ ಆಗಲಿ" ಎನ್ನಬಾರದು. ಒಳಗೆ ಬಂದು, ಎರಡು ಬಾಗಿಲು ಹಾಕಿದ ಮೇಲೆ, ಅದೇ ಸದ್ದು ಸಣ್ಣದಾಗಿ ಕೇಳುವಲ್ಲಿ ಮರಿ ಮತ್ತೆ ತಿನ್ನತೊಡಗಿತು. ಕಲಿಕೆ ಶುರುವಾಗುವ ದೂರ ಅದು. ಮುಂದಿನ ದಿನಗಳಲ್ಲಿ ಬ್ಯಾಂಡು, ಪಟಾಕಿಯ ಸದ್ದನ್ನು ಮೊಬೈಲ್‌ನಲ್ಲಿ ತೀರಾ ಸಣ್ಣಗೆ ಹಚ್ಚಿ ಊಟ ಹಾಕುವುದು, ಅದು ನಿಶ್ಚಿಂತೆಯಿಂದ ಉಂಡರೆ ಮಾತ್ರ ಒಂದು ಗೆರೆ ಏರಿಸುವುದು.

ಹಿಂದಿನ ರಾತ್ರಿ ಅದನ್ನು ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ್ದರು. "ಈಗಿಂದ ಕಟ್ಟಿದ್ರ ಕಾವಲು ಛಲೋ ಮಾಡ್ತದ" ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದು ತಪ್ಪು. ಒಡಹುಟ್ಟಿದವುಗಳ ಮೈಬಿಸಿಯಲ್ಲಿ ಮಲಗುತ್ತಿದ್ದ ಮರಿ ಒಂಟಿಯಾಗಿ ಅಳುವುದು ಹಠಕ್ಕಲ್ಲ. ಈ ರಾತ್ರಿ ಹಳೆಯ ಕೌದಿ ಮಡಚಿ, ತಾಯಿ ಮಲಗುತ್ತಿದ್ದ ಗೋಣಿಯ ತುಂಡೊಂದನ್ನು ಅದರ ಮೇಲಿಟ್ಟು, ಆಯಿಯ ಮಂಚದ ಪಕ್ಕಕ್ಕೆ ಹಾಕಲಾಯಿತು. ಅತ್ತರೆ ಕೈ ಇಳಿಬಿಟ್ಟರೆ ಸಾಕು. ಎದ್ದು ಚಡಪಡಿಸಿದರೆ ದೀಪ ಹಚ್ಚದೆ, ಮಾತಾಡಿಸದೆ ಬೇವಿನ ಬುಡಕ್ಕೆ ಒಯ್ದು ತರುವುದು. ರಾತ್ರಿ ಒಂದಕ್ಕೆ ಒಮ್ಮೆ, ಬೆಳಗಿನ ಐದಕ್ಕೆ ಒಮ್ಮೆ ಬೇಕಾಗಬಹುದು. ಹಾಸಿಗೆಯನ್ನು ಬೇರೆಡೆಗೆ ಬದಲಿಸುವುದಿದ್ದರೆ ಎರಡು ವಾರ ಕಳೆದ ಮೇಲೆ, ದಿನಕ್ಕೆ ಒಂದಡಿಯಂತೆ.

ಇನ್ನೊಂದು ಕೆಲಸ ಈಗಲೇ ಆರಂಭಿಸಬೇಕು. ಮೇ ತಿಂಗಳ ರಜೆಯಲ್ಲಿ ಮನೆ ತುಂಬ ಮಂದಿ. ಜೂನ್‌ನಲ್ಲಿ ಶಾಲೆ ಶುರುವಾದರೆ ಒಂಬತ್ತಕ್ಕೆಲ್ಲ ಮನೆ ಬಹುಪಾಲು ಖಾಲಿ. ಯಾವಾಗಲೂ ತೊಡೆಯ ಮೇಲಿದ್ದ ಮರಿ ಅಂದು ಬಾಗಿಲು ಕೆರೆದು ಒದರುತ್ತದೆ. ಉಂಡು, ಹೊರಗೆ ಹೋಗಿ ಬಂದು, ಕಣ್ಣು ಕೂರುವ ಹೊತ್ತಿಗೆ ಕೋಣೆಯ ಬಾಗಿಲು ಮುಂದೆ ಮಾಡಿ ಮೂವತ್ತು ಸೆಕೆಂಡು ಆಚೆ ಇರಿ, ಅಳುವ ಮುನ್ನವೇ ಒಳಗೆ ಬನ್ನಿ. ಆಮೇಲೆ ಒಂದು ನಿಮಿಷ, ಮೂರು, ಐದು, ನಡುವೆ ಮತ್ತೆ ಒಂದಕ್ಕೆ ಇಳಿಸಿ, ಹತ್ತು. ಹೋಗುವಾಗ ಬರುವಾಗ ಮುದ್ದಾಟ ಬೇಡ. ತಿಂಗಳೊಪ್ಪತ್ತಿನಲ್ಲಿ ಒಂದು ಗಂಟೆಗೆ ಬಂದರೆ ಚೆನ್ನಾಗಿ ಬಂತು. ಮೂರು ತಿಂಗಳ ಮರಿಗೆ ಮೂರ್ನಾಲ್ಕು ಗಂಟೆಯೇ ಗರಿಷ್ಠ, ಆದ್ದರಿಂದ ನಡುಹಗಲು ಯಾರಾದರೂ ಮನೆಗೆ ಬಂದು ಹೊರಗೆ ಒಯ್ಯುವ ಏರ್ಪಾಡು ಇರಲೇಬೇಕು. ಆ ಮನೆಯಲ್ಲಿ ಆಯಿ ಇದ್ದರು. ಆಯಿ ಇಲ್ಲದ ಮನೆಯವರು ಇದನ್ನು ಗೊತ್ತುಮಾಡಿಕೊಂಡೇ ಮರಿ ತರಬೇಕು.