ನಾಲ್ಕು ಭಾಷೆ ಬಂದರೆ ದುಭಾಷಿ ಆಗ್ತೇವಾ?

ಎರಡು ತಿಂಗಳ ಹಿಂದೆ 40 ಗಂಟೆಯ ಒಂದು ಆನ್‌ಲೈನ್ ಕೋರ್ಸ್ ಮುಗಿಸಿದೆ. ಆಸ್ಪತ್ರೆಗಳಲ್ಲಿ ದುಭಾಷಿಯಾಗಿ, ಅಂದರೆ ಇಂಟರ್‌ಪ್ರಿಟರ್ ಆಗಿ ಕೆಲಸ ಮಾಡಲು ಬೇಕಾದ ಮೊದಲ ಹಂತದ ತರಬೇತಿ. ಪಾಠ ಮಾಡುವವರು ಅಮೆರಿಕದಲ್ಲಿ, ನಾನು ಮಂಗಳೂರಿನ ಬಿಜೈಯಲ್ಲಿ. ಹಾಗಾಗಿ ಅವರ ಬೆಳಗ್ಗೆ ನನ್ನ ರಾತ್ರಿ ಊಟದ ಹೊತ್ತು. ಮಳೆಗಾಲ ಬೇರೆ. ತಾರಸಿಗೆ ಹಾಕಿದ ಶೀಟಿನ ಮೇಲೆ ಮಳೆ ಬಿದ್ದರೆ ಹೆಡ್‌ಸೆಟ್ ಹಾಕಿದರೂ ಎದುರಿನವರ ಮಾತು ಕೇಳುವುದಿಲ್ಲ, ಕೊನೆಗೆ ಕೆಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ.

ಸೇರುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಪಕ್ಕದ ಮನೆಯವರ ಹತ್ತಿರ ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷ್, ಇನ್ನು ನಿನಗೆ ಕಲಿಯಲಿಕ್ಕೆ ಏನುಂಟು? ನಮ್ಮೂರಲ್ಲಿ ಇದು ಸಹಜ ಪ್ರಶ್ನೆಯೇ. ಬಂದರಿನಲ್ಲಿ ಮೀನು ಮಾರುವವರು ಒಬ್ಬರ ಹತ್ತಿರ ಬ್ಯಾರಿ, ಇನ್ನೊಬ್ಬರ ಹತ್ತಿರ ತುಳು ಮಾತಾಡಿ ಚಿಲ್ಲರೆ ಕೊಡುವಷ್ಟರಲ್ಲಿ ಕನ್ನಡಕ್ಕೆ ಬಂದಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ಕ್ಲಾಸಿನಲ್ಲೇ ಗೊತ್ತಾಯಿತು. ಟೀಚರ್ ಒಂದು ಚಿಕ್ಕ ಧ್ವನಿಮುದ್ರಿಕೆ ಹಾಕಿದರು. ಡಾಕ್ಟರ್ ಒಬ್ಬರು ರೋಗಿಗೆ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಎಂದು ಹೇಳುವುದು, ಅರ್ಧ ನಿಮಿಷ ಅಷ್ಟೇ. ಅದು ಮುಗಿದ ಮೇಲೆ ಕನ್ನಡದಲ್ಲಿ ಹೇಳಬೇಕು. ನಾನು ಹೇಳಿದೆ. ಚೆನ್ನಾಗಿಯೇ ಹೇಳಿದೆ ಅನಿಸಿತ್ತು. ಆಮೇಲೆ ನನ್ನದೇ ರೆಕಾರ್ಡಿಂಗ್ ಕೇಳಿಸಿದರು. 15 ಮಿಲಿಗ್ರಾಂ ಎನ್ನುವುದು 50 ಆಗಿತ್ತು. ಊಟವಾಗಿ ಎರಡು ಗಂಟೆ ಬಿಟ್ಟು ಎನ್ನುವುದು ಬರೀ "ಊಟ ಆದ ಮೇಲೆ" ಆಗಿತ್ತು. ಡಾಕ್ಟರ್ ಹೇಳದೇ ಇದ್ದ "ಏನೂ ಹೆದರಬೇಡಿ" ಎಂಬ ಮಾತನ್ನು ನಾನೇ ಸೇರಿಸಿದ್ದೆ.

ಆ ಕೊನೆಯದ್ದು ಕೇಳಿದಾಗ ನನಗೆ ದೊಡ್ಡಮ್ಮನ ನೆನಪಾಯಿತು.

ನಾಲ್ಕು ವರ್ಷದ ಹಿಂದೆ ದೊಡ್ಡಮ್ಮನನ್ನು ಇಲ್ಲಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ತುಳು ಬಿಟ್ಟರೆ ಬೇರೆ ಭಾಷೆ ಅಷ್ಟಾಗಿ ಬರುವುದಿಲ್ಲ. ಡಾಕ್ಟರ್ ಉತ್ತರ ಭಾರತದವರು, ಒಳ್ಳೆಯ ಮನುಷ್ಯ, ಸ್ಕ್ಯಾನ್ ತೋರಿಸಿ ನಿಧಾನಕ್ಕೆ ಇಂಗ್ಲಿಷಿನಲ್ಲಿ ವಿವರಿಸಿದರು. ಕರುಳಿನಲ್ಲಿ ಗಡ್ಡೆಯ ಹಾಗೆ ಕಾಣುತ್ತಿದೆ, ಕ್ಯಾನ್ಸರ್ ಇರಬಹುದು ಇಲ್ಲದಿರಬಹುದು, ಕೊಲೊನೊಸ್ಕೋಪಿ ಮಾಡಿ, ಅಂದರೆ ಕರುಳಿನೊಳಗೆ ಕ್ಯಾಮೆರಾದ ಕೊಳವೆ ಹಾಕಿ, ತುಣುಕು ತೆಗೆದು ನೋಡಬೇಕು, ಅದಕ್ಕೆ 5 ದಿನ ಮೊದಲು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕು. ನಾಲ್ಕು ನಿಮಿಷ ಮಾತಾಡಿರಬಹುದು. ದೊಡ್ಡಮ್ಮ ನನ್ನ ಕಡೆ ತಿರುಗಿ, "ದಾದ ಪಂಡೆರ್?" ಎಂದು ಕೇಳಿದರು. ಏನು ಹೇಳಿದರು ಅಂತ.

ನಾನು ಹೇಳಿದ್ದು ಇಷ್ಟು: "ದಾಲ ಇಜ್ಜಿ, ಸಮ ಆಪುಂಡು." ಏನೂ ಇಲ್ಲ, ಸರಿಯಾಗುತ್ತದೆ.

ಆ ಒಂದು ಶಬ್ದವನ್ನು ಹೇಗೆ ಮುಚ್ಚಿಡಲಿ ಎನ್ನುವ ಗಡಿಬಿಡಿಯಲ್ಲಿ ಮಾತ್ರೆ ನಿಲ್ಲಿಸುವ ವಿಷಯ ನನ್ನ ತಲೆಯಿಂದಲೇ ಹೋಯಿತು. ಪರೀಕ್ಷೆಯ ದಿನ ಬೆಳಗ್ಗೆ ನರ್ಸ್ ಕೇಳಿದಾಗ ದೊಡ್ಡಮ್ಮ ಮಾತ್ರೆ ತಿಂದೇ ಬಂದಿದ್ದರು. ಹಿಂದಿನ ದಿನವಿಡೀ ಉಪವಾಸ, ಭೇದಿಯ ಔಷಧಿ, ಎಲ್ಲ ಸುಮ್ನೆ ಆಯಿತು. ಪರೀಕ್ಷೆ ಮುಂದಕ್ಕೆ ಹೋಯಿತು. ಮುಂದೆ ನೋಡಿದಾಗ ಅದು ಕ್ಯಾನ್ಸರ್ ಆಗಿರಲಿಲ್ಲ, ಸಣ್ಣ ಗಡ್ಡೆಗಳು, ತೆಗೆದರು. ಆದರೆ ಅವರ ದೇಹದ ವಿಷಯ ಅವರಿಗೇ ಗೊತ್ತಿಲ್ಲದ ಹಾಗೆ ಮಾಡಿದವಳು ನಾನು ಎನ್ನುವುದು ಮನಸ್ಸಲ್ಲಿ ಉಳಿದುಬಿಟ್ಟಿತ್ತು. ಈ ಕೋರ್ಸ್ ಹುಡುಕಲು ಅದೂ ಒಂದು ಕಾರಣ.

ದುಭಾಷಿಯ ಮೊದಲ ನಿಯಮ ಸರಳ: ಹೇಳಿದ್ದನ್ನೆಲ್ಲ ಹೇಳು, ಸೇರಿಸಬೇಡ, ಬಿಡಬೇಡ, ಬದಲಿಸಬೇಡ. ರೋಗಿ ಬೈದರೆ ಬೈಗುಳವನ್ನೂ ಹೇಳಬೇಕು. ಎರಡನೆಯದ್ದು "ನಾನು" ಎಂದೇ ಮಾತಾಡಬೇಕು. ರೋಗಿ "ನನಗೆ ನಿದ್ದೆ ಬರುವುದಿಲ್ಲ" ಅಂದರೆ ನಾನೂ "ನನಗೆ ನಿದ್ದೆ ಬರುವುದಿಲ್ಲ" ಅನ್ನಬೇಕು, "ಅವರಿಗೆ ನಿದ್ದೆ ಬರೋದಿಲ್ಲವಂತೆ" ಅಲ್ಲ. ನಮ್ಮ ಬಾಯಿಗೆ ಈ "ಅಂತೆ" ಎಷ್ಟು ಅಂಟಿಕೊಂಡಿದೆ ಎಂದರೆ ಅದನ್ನು ಬಿಡಿಸಲು ನನಗೆ ಒಂದು ವಾರ ಬೇಕಾಯಿತು. ನನ್ನದೇ ಸಂಶಯ ಕೇಳಬೇಕಾದಾಗ ಮಾತ್ರ "ದುಭಾಷಿ ಕೇಳುತ್ತಿದ್ದಾರೆ" ಎಂದು ಬೇರೆ ಮಾಡಿ ಹೇಳಬೇಕು, ಮತ್ತು ಏನು ಕೇಳಿದೆ ಅನ್ನುವುದನ್ನು ಇಬ್ಬರಿಗೂ ತಿಳಿಸಬೇಕು. ಮೂರನೆಯವರಿಗೆ ಗೊತ್ತಿಲ್ಲದ ಮಾತು ಆ ಕೋಣೆಯಲ್ಲಿ ನಡೆಯಬಾರದು.

ಸಂಶಯ ಬರುವುದು ದೊಡ್ಡ ದೊಡ್ಡ ವೈದ್ಯಕೀಯ ಶಬ್ದಗಳಲ್ಲಿ ಅಲ್ಲ. ಅವನ್ನು ಬಾಯಿಪಾಠ ಮಾಡಬಹುದು. ಕಷ್ಟ ಇರುವುದು ದಿನಾ ಆಡುವ ಮಾತಿನಲ್ಲಿ. "ಎದೆಯಲ್ಲಿ ಏನೋ ಸಂಕಟ ಆಗ್ತದೆ" ಎಂದು ಅಭ್ಯಾಸಕ್ಕೆ ರೋಗಿಯ ಪಾತ್ರ ಮಾಡುತ್ತಿದ್ದ ಬೆಂಗಳೂರಿನ ಸಹಪಾಠಿಯೊಬ್ಬರು ಹೇಳಿದರು, ನಾನು ಪಕ್ಕನೆ ಎದೆನೋವು ಅಂದೆ. ಸಂಕಟ ಅಂದರೆ ನೋವಾ, ವಾಕರಿಕೆಯಾ, ತಳಮಳವಾ, ದುಃಖವಾ? ಕೇಳದೆ ಗೊತ್ತಾಗುವುದಿಲ್ಲ. 1980ರಲ್ಲಿ ಫ್ಲೋರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಸ್ಪ್ಯಾನಿಷಿನಲ್ಲಿ "ಇಂಟೊಕ್ಸಿಕಾಡೊ" ಅಂದರು, ತಿಂದದ್ದೋ ಕುಡಿದದ್ದೋ ಮೈಗೆ ಆಗಲಿಲ್ಲ ಎಂಬ ಅರ್ಥದಲ್ಲಿ. ಡಾಕ್ಟರುಗಳು ಅದನ್ನು ಇಂಗ್ಲಿಷಿನ ಇಂಟಾಕ್ಸಿಕೇಟೆಡ್ ಎಂದು ತಿಳಿದು ಡ್ರಗ್ಸ್ ಜಾಸ್ತಿಯಾದದ್ದು ಎಂದು ಚಿಕಿತ್ಸೆ ಕೊಟ್ಟರು. ಆಗಿದ್ದದ್ದು ಮೆದುಳಿನ ರಕ್ತಸ್ರಾವ. ಹುಡುಗನ ಕೈಕಾಲು ಪೂರ್ತಿ ಹೋಯಿತು. ಕೇಸು ಸುಮಾರು 7 ಕೋಟಿ 10 ಲಕ್ಷ ಡಾಲರ್ ಪರಿಹಾರಕ್ಕೆ ಮುಗಿಯಿತು. ಅಲ್ಲಿ ಯಾರೂ ಬೇಜವಾಬ್ದಾರಿಯವರಾಗಿರಲಿಲ್ಲ. ಎಲ್ಲರಿಗೂ ಅರ್ಥವಾಯಿತು ಅನಿಸಿತ್ತು, ಅಷ್ಟೇ.

ಕನ್ನಡದವರಿಗೆ ಇನ್ನೂ ಕೆಲವು ಗಂಟುಗಳಿವೆ. ಇಂಗ್ಲಿಷಿನ ಅಂಕಲ್ ನಮ್ಮಲ್ಲಿ ಯಾರು? ಚಿಕ್ಕಪ್ಪನಾ, ಸೋದರಮಾವನಾ? ಕುಟುಂಬದಲ್ಲಿ ಯಾರಿಗೆ ಹೃದಯದ ಕಾಯಿಲೆ ಇತ್ತು ಎಂದು ಡಾಕ್ಟರ್ ಕೇಳಿದಾಗ ತಾಯಿ ಕಡೆಯಾ ತಂದೆ ಕಡೆಯಾ ಎನ್ನುವುದು ಮುಖ್ಯ, ಹಾಗಾಗಿ "ಮಾವ" ಎಂದರೆ ಸುಮ್ನೆ ಅಂಕಲ್ ಅಂದುಬಿಟ್ಟರೆ ಆಗುವುದಿಲ್ಲ. ಮಾವ ಎಂದರೆ ಗಂಡನ ಅಪ್ಪನೂ ಆಗಬಹುದು, ಆಗ ರಕ್ತಸಂಬಂಧವೇ ಇಲ್ಲ! ಇನ್ನು ನಮ್ಮ "ಹೂಂ". ಡಾಕ್ಟರ್ ಆಪರೇಷನ್ ವಿವರಿಸುವಾಗ ರೋಗಿ ಹೂಂ ಹೂಂ ಅನ್ನುತ್ತಿರುತ್ತಾರೆ. ಅದು ಒಪ್ಪಿಗೆ ಅಲ್ಲ, ಕೇಳ್ತಾ ಇದ್ದೇನೆ ಅಂತ. ಅದನ್ನು "ಯೆಸ್" ಎಂದು ಹೇಳಿದರೆ ಕತೆ ಬೇರೆಯಾಗುತ್ತದೆ, ಅಲ್ವಾ?

ನೋಟ್ಸ್ ಬರೆಯುವುದಕ್ಕೂ ಪಾಠ ಇತ್ತು. ವಾಕ್ಯ ಬರೆಯಬಾರದು. ಸಂಖ್ಯೆ, ಹೆಸರು, ದಿನ, ಮೇಲೆ ಕೆಳಗೆ ಬಾಣ, ಅಷ್ಟೇ. ಉಳಿದದ್ದು ನೆನಪಿನಲ್ಲಿರಬೇಕು. ಕೆಲಸ ಮುಗಿದ ಕೂಡಲೇ ಆ ಹಾಳೆಯನ್ನು ಹರಿದು ಹಾಕಬೇಕು, ಯಾಕೆಂದರೆ ಅದರಲ್ಲಿ ಇನ್ನೊಬ್ಬರ ಕಾಯಿಲೆ ಇದೆ.

ಈಗ ಸರ್ಟಿಫಿಕೇಟ್ ವಿಷಯ, ತುಂಬ ಜನ ಇದನ್ನೇ ಕೇಳಿದ್ದಾರೆ. ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಸರ್ಟಿಫಿಕೇಟ್ ಬೇರೆ, ಸರ್ಟಿಫೈಡ್ ಇಂಟರ್‌ಪ್ರಿಟರ್ ಆಗುವುದು ಬೇರೆ. ಅಮೆರಿಕದಲ್ಲಿ ವೈದ್ಯಕೀಯ ದುಭಾಷಿಗಳಿಗೆ ಸಿಸಿಎಚ್‌ಐ ಮತ್ತು ಎನ್‌ಬಿಸಿಎಂಐ ಎಂಬ ಎರಡು ಸಂಸ್ಥೆಗಳು ಪರೀಕ್ಷೆ ನಡೆಸುತ್ತವೆ. ಪರೀಕ್ಷೆಗೆ ಕೂರಲು ಕನಿಷ್ಠ 40 ಗಂಟೆಯ ತರಬೇತಿ ಆಗಿರಬೇಕು, 18 ವರ್ಷ ತುಂಬಿರಬೇಕು, ಎರಡೂ ಭಾಷೆ ಚೆನ್ನಾಗಿ ಬರುತ್ತದೆ ಎಂಬ ದಾಖಲೆ ಬೇಕು. ಸ್ಪ್ಯಾನಿಷ್, ಮ್ಯಾಂಡರಿನ್‌ನಂಥ ಕೆಲವೇ ಭಾಷೆಗಳಿಗೆ ಆ ಭಾಷೆಯಲ್ಲೇ ಮಾತಿನ ಪರೀಕ್ಷೆ ಇದೆ. ಕನ್ನಡಕ್ಕೆ ಇಲ್ಲ. ಕನ್ನಡದವರು ಬರೆಯಬಹುದಾದ ಒಂದು ಪರೀಕ್ಷೆ ಸಿಸಿಎಚ್‌ಐಯ ಕೋರ್‌ಸಿಎಚ್‌ಐ, ಅದು ಯಾವ ಭಾಷೆಯವರಿಗೂ ತೆರೆದಿದೆ, ಪ್ರಶ್ನೆಗಳು ಇಂಗ್ಲಿಷಿನಲ್ಲಿ ಇರುತ್ತವೆ. ಹಾಗಾಗಿ ನಾಲ್ಕೈದು ಗಂಟೆಯ ವಿಡಿಯೊ ತೋರಿಸಿ "ಸರ್ಟಿಫೈಡ್ ಆಗಿ" ಎನ್ನುವ ಜಾಹೀರಾತು ಕಂಡರೆ ದುಡ್ಡು ಕಟ್ಟುವ ಮೊದಲು ಗಂಟೆ ಎಷ್ಟು, ಪಾಠದ ಜೊತೆ ಪಾತ್ರಾಭಿನಯದ ಅಭ್ಯಾಸ ಇದೆಯಾ, ನಿಮ್ಮ ಭಾಷೆ ಬಲ್ಲವರು ಯಾರಾದರೂ ತಿದ್ದುತ್ತಾರಾ ಎಂದು ದಯವಿಟ್ಟು ಕೇಳಿ.

ಆಸ್ಟ್ರೇಲಿಯಾಕ್ಕೆ ಹೋಗುವ ನಮ್ಮೂರ ಹುಡುಗರು ನಾಟಿ (NAATI, ಅಲ್ಲಿ ಅನುವಾದಕರಿಗೆ, ದುಭಾಷಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಪರೀಕ್ಷೆ ಅನ್ನುತ್ತಾರಲ್ಲ, ಸಿಸಿಎಲ್ ಎಂಬ ಆ ಭಾಷಾ ಪರೀಕ್ಷೆ ಕನ್ನಡದಲ್ಲಿದೆ. ಪಾಸಾದರೆ ವೀಸಾಕ್ಕೆ 5 ಪಾಯಿಂಟ್ ಸಿಗುತ್ತದೆ. ಆದರೆ ಅದು ದುಭಾಷಿ ಕೆಲಸದ ಅರ್ಹತೆ ಅಲ್ಲ. ಅದಕ್ಕೆ ನಾಟಿಯದ್ದೇ ಬೇರೆ ಪರೀಕ್ಷೆ, ಮೂರು ವರ್ಷಕ್ಕೊಮ್ಮೆ ನವೀಕರಣ.

ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಇಂಗ್ಲಿಷ್ ಬಾರದ ರೋಗಿಗೆ ಪುಕ್ಕಟೆಯಾಗಿ ದುಭಾಷಿಯನ್ನು ಒದಗಿಸಬೇಕು, 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಅದರ ಬೇರು ಇದೆ. ತುರ್ತು ಸಂದರ್ಭ ಬಿಟ್ಟರೆ ಮನೆಯ ಚಿಕ್ಕ ಮಕ್ಕಳಿಂದ ಆ ಕೆಲಸ ಮಾಡಿಸುವಂತಿಲ್ಲ. ಇಲ್ಲಿ ನೋಡಿ. ಕಾಸರಗೋಡಿನಿಂದ ಬರುವ ಮಲಯಾಳದವರು, ಹುಬ್ಬಳ್ಳಿ ಕಡೆಯವರು, ತುಳು ಮಾತ್ರ ಬರುವ ಅಜ್ಜಿಯಂದಿರು, ಎಲ್ಲರೂ ಮಂಗಳೂರು ಮಣಿಪಾಲದ ಆಸ್ಪತ್ರೆಗಳಿಗೆ ಬರುತ್ತಾರೆ, ಮತ್ತು ಅವರ ಮಾತು ದಾಟಿಸುವುದು ಮೊಮ್ಮಗಳೋ ಆಯಾನೋ ಪಕ್ಕದ ಬೆಡ್ಡಿನವರೋ. ಅವರು ಸಹಾಯ ಮಾಡುವುದು ಪ್ರೀತಿಯಿಂದಲೇ. ನಾನೂ ಪ್ರೀತಿಯಿಂದಲೇ "ದಾಲ ಇಜ್ಜಿ" ಅಂದಿದ್ದೆ. ನಮ್ಮ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ಕಲಿತವರು ಬೇಕು, ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು, ಅದರಲ್ಲಿ ತುಳುವಿನವರೂ ಇರಬೇಕು.

ಹೋದ ತಿಂಗಳು ದೊಡ್ಡಮ್ಮನ ಚೆಕಪ್ ಇತ್ತು. ಮನೆಯವರು ಈ ಕೆಲಸ ಮಾಡಬಾರದು ಅಂತ ಕಲಿತಿದ್ದೇನೆ, ಆದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಈ ಸಲ ದೊಡ್ಡಮ್ಮನ ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ ಕೂತೆ. ಅವರನ್ನೇ ನೋಡಿ ಮಾತಾಡಿ, ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ ಎಂದು ಡಾಕ್ಟರಿಗೆ ಹೇಳಿದೆ. ಗಡ್ಡೆ ಮತ್ತೆ ಬೆಳೆಯಬಹುದು, ಬಿಟ್ಟರೆ ಕೆಲವು ಕ್ಯಾನ್ಸರ್ ಆಗಲೂಬಹುದು, ಅದಕ್ಕೆ ಮತ್ತೊಮ್ಮೆ ಸ್ಕೋಪ್ ಮಾಡಬೇಕು ಎಂದರು. ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ, ಆ ಶಬ್ದವನ್ನೂ. ದೊಡ್ಡಮ್ಮ ಸ್ವಲ್ಪ ಹೊತ್ತು ಸೆರಗಿನ ತುದಿ ಹಿಡಿದುಕೊಂಡು ಕೂತರು. ಆಮೇಲೆ ನನ್ನ ಕಡೆ ತಿರುಗಲಿಲ್ಲ, ಡಾಕ್ಟರನ್ನೇ ನೋಡಿ, ಬೆಳೆದರೆ ನನಗೆ ಗೊತ್ತಾಗುತ್ತದಾ ಎಂದು ತುಳುವಿನಲ್ಲಿ ಕೇಳಿದರು. "ಬೆಳೆದರೆ ನನಗೆ ಗೊತ್ತಾಗುತ್ತದಾ?" ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರ್ ಕುರ್ಚಿಯನ್ನು ಅವರ ಕಡೆಗೆ ಎಳೆದುಕೊಂಡರು.