ನಮ್ಮ ಬಗ್ಗೆ ನಾವೇ ಹೇಳ್ಕೋಬೇಕಾ ಅಕ್ಕಾ?

ನಾಟಕ ಮುಗಿದು ಬಣ್ಣ ಒರೆಸಿಕೊಳ್ಳುವಾಗ, ಕಾರ್ಯಾಗಾರದ ಚಹಾ ಬಿಡುವಿನಲ್ಲಿ, ಕೆಲವು ಸಲ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಹೊಸ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಇದೇ ಪ್ರಶ್ನೆ. "ಅಕ್ಕಾ, ನಮ್ಮ ಬಗ್ಗೆ ನಾವೇ ಹೇಳ್ಕೋಬೇಕಾ? ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ಜಂಬ ಅಂತಾರೆ."

ನಾನು ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಈಚೆಗೆ ಧಾರಾವಾಹಿ, ಸಿನಿಮಾಗಳಿಗೆ ಕಲಾವಿದರನ್ನು ಹುಡುಕಿಕೊಡುವ ಕೆಲಸವನ್ನೂ ಮಾಡುತ್ತೇನೆ. ಅವಕಾಶ ಕೇಳಿಕೊಂಡು ಅಲೆದಿದ್ದೇನೆ, ಕೇಳಿಕೊಂಡು ಬಂದವರ ಫೋಟೊಗಳನ್ನು ನೂರಾರು ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಈ ಅಳುಕು ನಮಗೆ ಸುಮ್ನೆ ಬಂದದ್ದಲ್ಲ. "ತನ್ನ ಬಣ್ಣಿಸಬೇಡ" ಅನ್ನುವ ಮಾತನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿ ಬೆಳೆದವರು ನಾವು. ಅದನ್ನು ಬಿಡಿ ಅಂತ ನಾನು ಯಾವತ್ತೂ ಹೇಳಲ್ಲ. ಆದರೆ ಬಣ್ಣಿಸುವುದು ಬೇರೆ, ತಿಳಿಸುವುದು ಬೇರೆ. "ನಾನು ಪ್ರತಿಭಾವಂತ ನಟಿ" ಅಂದರೆ ಬಣ್ಣನೆ. "ಶನಿವಾರ ಸಂಜೆ ಏಳೂವರೆಗೆ ರಂಗಶಂಕರದಲ್ಲಿ ನಮ್ಮ ನಾಟಕ ಇದೆ, ನಾನು ಸೂಲಗಿತ್ತಿ ಪಾತ್ರ ಮಾಡ್ತಿದ್ದೇನೆ" ಅಂದರೆ ಅದು ಸುದ್ದಿ. ಸುದ್ದಿ ಹೇಳಲು ನಾಚಿಕೆ ಯಾಕೆ? ನಾಟಕಕ್ಕೆ ಜನ ಬರಬೇಕಾದರೆ ಯಾರಾದರೂ ಹೇಳಲೇಬೇಕಲ್ಲ.

ನಮ್ಮ ಕಂಪನಿ ನಾಟಕದವರು ಇದಕ್ಕೆ ಯಾವತ್ತೂ ಹಿಂಜರಿದವರಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ರಂಗದ ಮೇಲೆ ಆನೆ, ಕುದುರೆ ತಂದು ಊರಿಗೆ ಊರೇ ಮಾತಾಡುವ ಹಾಗೆ ಮಾಡಿತ್ತು. ಇವತ್ತಿಗೂ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಸಾಲು ಸಾಲು ನಾಟಕ ಕಂಪನಿಗಳ ಟೆಂಟು, ದೊಡ್ಡ ದೊಡ್ಡ ಬೋರ್ಡು, ಮೈಕಿನಲ್ಲಿ ನಾಟಕದ ಹೆಸರು, ಕಲಾವಿದರ ಹೆಸರು, ಆಟದ ಹೊತ್ತು. ಹೊಗಳಿಕೆ ಜೋರಾಗಿಯೇ ಇರುತ್ತದೆ. ಆದರೆ ಹೊಗಳುವುದು ನಾಟಕವನ್ನು. ಕೇಳಿದವನಿಗೆ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು ಅನ್ನುವುದು ಗೊತ್ತಾಗುತ್ತದೆ.

"ಈಗ ಬ್ರ್ಯಾಂಡ್ ಅಂತಾರಲ್ಲ ಅಕ್ಕಾ, ಅದು?" ಅಂತ ಮುಂದಿನ ಪ್ರಶ್ನೆ. ಪದ ಹೊಸದು, ಸಂಗತಿ ಹಳೆಯದು. ನಮ್ಮ ಕಲಾವಿದರ ಹೆಸರುಗಳನ್ನೇ ಒಮ್ಮೆ ನೋಡಿ. ಮುಖ್ಯಮಂತ್ರಿ ಚಂದ್ರು ಅವರಿಗೆ ಆ ಹೆಸರು ಬಂದದ್ದು ಅವರು ಮಾಡಿದ ನಾಟಕದಿಂದ. ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ'ಯಲ್ಲಿ ನೂರಾರು ಸಲ ಆ ಪಾತ್ರ ಮಾಡಿ, ಪಾತ್ರವೇ ಹೆಸರಿನ ಮುಂದೆ ಕೂತುಬಿಟ್ಟಿತು. ಸಿಹಿಕಹಿ ಚಂದ್ರು ಅವರಿಗೆ ದೂರದರ್ಶನದ ಧಾರಾವಾಹಿಯಿಂದ. ಸತೀಶ್ ನೀನಾಸಂ ಅವರ ಹೆಸರಿನಲ್ಲಿ ಹೆಗ್ಗೋಡಿನ ರಂಗಶಾಲೆ ಇದೆ. ಸಂಚಾರಿ ವಿಜಯ್ ತಮ್ಮ ರಂಗತಂಡದ ಹೆಸರನ್ನೇ ಹೊತ್ತುಕೊಂಡು ಹೋದರು. 'ನಾನು ಅವನಲ್ಲ ಅವಳು' ಚಿತ್ರದ ನಟನೆಗೆ ಅವರಿಗೆ 2014ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದಾಗ ಅವರ ಜೊತೆ ಒಂದು ಸಣ್ಣ ತಂಡದ ಹೆಸರೂ ದೇಶಕ್ಕೆಲ್ಲ ಕೇಳಿಸಿತು. 2021ರಲ್ಲಿ ಅವರು ಹೋದಮೇಲೂ ಆ ಎರಡು ಹೆಸರನ್ನು ಬಿಡಿಸಿ ಹೇಳಲು ನಮಗೆ ಬಾಯಿ ಬರುವುದಿಲ್ಲ.

ಇವರಲ್ಲಿ ಯಾರೂ ಹೆಸರಿನ ಮುಂದೆ ಹಾಕಲು ಒಂದು ಬಿರುದು ಹುಡುಕಿಕೊಂಡು ಹೊರಟವರಲ್ಲ. ಮಾಡಿದ ಕೆಲಸ, ಬೆಳೆದ ಜಾಗ ಹೆಸರಿಗೆ ಅಂಟಿತು. ನೀವೂ ಅಷ್ಟೇ ಮಾಡಿ. ನಿಮ್ಮ ಹೆಸರು ಬಂದಲ್ಲೆಲ್ಲ ನಾಟಕದ ಹೆಸರು, ತಂಡದ ಹೆಸರು, ಪಾತ್ರದ ಹೆಸರು ಜೊತೆಗೆ ಬರಲಿ. ಒಂದು ಕಡೆ ಒಂದು ಹೆಸರು, ಇನ್ನೊಂದು ಕಡೆ ಇನ್ನೊಂದು ಬೇಡ. ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬ ತನ್ನ ಹೆಸರಿನ ಬದಲು 'ರಾಯಲ್ ಹುಡುಗ' ಅಂತ ಇಟ್ಟುಕೊಂಡಿದ್ದ. ಅವನ ನಾಟಕ ನೋಡಿ ಇಷ್ಟಪಟ್ಟ ನಿರ್ದೇಶಕರು ಎರಡು ದಿನ ಹುಡುಕಿದರೂ ಅವನು ಸಿಗಲಿಲ್ಲ. ನನಗೆ ತುಂಬಾ ಬೇಜಾರಾಯಿತು, ಯಾಕೆಂದರೆ ಒಳ್ಳೆಯ ನಟ ಅವನು.

ನನ್ನದೇ ಒಂದು ನೋವು ಹೇಳುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ನಾಟಕದಲ್ಲಿ ಅಜ್ಜಿಯ ಪಾತ್ರ ಮಾಡುತ್ತಿದ್ದೆ. ಇಪ್ಪತ್ತೆಂಟು ಪ್ರಯೋಗ. ರವೀಂದ್ರ ಕಲಾಕ್ಷೇತ್ರದಿಂದ ಹಿಡಿದು ಶಾಲೆಯ ಅಂಗಳದವರೆಗೆ. ಮುಂದೊಮ್ಮೆ ಒಬ್ಬ ನಿರ್ದೇಶಕರು "ಆ ಅಜ್ಜಿ ಪಾತ್ರದ್ದು ಒಂದು ತುಣುಕು ಕಳಿಸಿ" ಅಂದರು. ನನ್ನ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ. ಕೆಲಸ ಚೆನ್ನಾಗಿದ್ದರೆ ಸಾಕು ಅಂತ ನಂಬಿದ್ದೆ. ನೋಡಿದ ಜನರ ನೆನಪು ಬಿಟ್ಟರೆ ಆ ಪಾತ್ರಕ್ಕೆ ಇವತ್ತು ಯಾವ ಗುರುತೂ ಇಲ್ಲ. ದಯವಿಟ್ಟು ಪ್ರತಿ ನಾಟಕದ್ದೂ ನಾಲ್ಕು ಒಳ್ಳೆಯ ಫೋಟೊ, ಎರಡು ನಿಮಿಷದ ವಿಡಿಯೊ ಎತ್ತಿಡಿ. ತಂಡದವರನ್ನು ಕೇಳಿ ಪಡೆಯಿರಿ. ಫೋಟೊ ತೆಗೆದವರ ಹೆಸರನ್ನೂ ಹಾಕಿ.

ಪರಿಚಯದ ವಿಡಿಯೊಗೆ ಸ್ಟುಡಿಯೊ ಬೇಕಿಲ್ಲ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ನಿಂತುಕೊಳ್ಳಿ, ಫ್ಯಾನ್ ಆರಿಸಿ. ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆ ಹೇಳಿ. ಎಡಕ್ಕೆ, ಬಲಕ್ಕೆ ತಿರುಗಿ. ಆಮೇಲೆ ಒಂದು ನಿಮಿಷದ ಮಾತು, ನಿಮ್ಮ ಊರಿನ ಕನ್ನಡದಲ್ಲೇ ಇರಲಿ. ತಂಪು ಕನ್ನಡಕ, ಮುಖ ನುಣ್ಣಗೆ ಮಾಡುವ ಫಿಲ್ಟರ್ ಬೇಡವೇ ಬೇಡ. ನಮಗೆ ಬೇಕಾದದ್ದು ನಿಮ್ಮ ಮುಖ. ಕೆನ್ನೆ ಮೇಲಿನ ಮಚ್ಚೆಯೂ ಬೇಕು, ಸ್ವಲ್ಪ ಸೊಟ್ಟಗಿರುವ ಹಲ್ಲೂ ಬೇಕು.

ಹೋದ ವರ್ಷ ಒಬ್ಬ ಹುಡುಗನಿಂದ ನನಗೆ ಬಂದ ಮೆಸೇಜು ಹೀಗಿತ್ತು: "ನಮಸ್ಕಾರ ಮೇಡಂ. ವಯಸ್ಸು 26, ಎತ್ತರ 5 ಅಡಿ 8 ಅಂಗುಲ. ಧಾರವಾಡದ ಕಡೆ ಮಾತು ಸರಾಗ ಬರುತ್ತೆ. ಬುಲೆಟ್, ಟ್ರ್ಯಾಕ್ಟರ್ ಓಡಿಸ್ತೀನಿ. ಈಜು ಬರಲ್ಲ. ಎರಡು ನಾಟಕ ಮಾಡಿದ್ದೀನಿ, ವಿಡಿಯೊ ಕೆಳಗಿದೆ." ಅಷ್ಟೇ. "ಈಜು ಬರಲ್ಲ" ಅಂತ ಬರೆದಿದ್ದ ನೋಡಿ, ಅದನ್ನು ಓದಿದ ಕೂಡಲೇ ಉಳಿದದ್ದನ್ನೆಲ್ಲ ನಂಬಿದೆ. ಮೂರು ತಿಂಗಳ ಮೇಲೆ ಟ್ರ್ಯಾಕ್ಟರ್ ಓಡಿಸುವ ಪಾತ್ರವೊಂದು ಬಂತು. ಮೊದಲು ನೆನಪಾದದ್ದು ಅವನೇ.

ಫಾಲೋವರ್ಸ್ ಎಷ್ಟಿದ್ದಾರೆ ಅಂತ ಕೇಳುವವರೂ ಇದ್ದಾರೆ, ಸುಳ್ಳು ಹೇಳಲ್ಲ. ಜಾಹೀರಾತಿನವರು ಜಾಸ್ತಿ ಕೇಳುತ್ತಾರೆ. ಆದರೆ ಅದಕ್ಕಾಗಿ ದಿನಕ್ಕೊಂದು ರೀಲ್ಸ್ ಮಾಡಿ, ತಾಲೀಮಿಗೆ ತಡವಾಗಿ ಬರುವುದು ನನಗೆ ಸರಿ ಕಾಣುವುದಿಲ್ಲ. ತಾಲೀಮಿಗೆ ಹೊತ್ತಿಗೆ ಸರಿಯಾಗಿ ಬರುವವರ ಹೆಸರನ್ನು ಜೊತೆಯವರೇ ಇನ್ನೊಂದು ತಂಡಕ್ಕೆ ಹೇಳುತ್ತಾರೆ. ನನಗೆ ಸಿಕ್ಕ ಹೆಚ್ಚಿನ ಪಾತ್ರಗಳು ಬಂದದ್ದು ಹಾಗೇ.

ಇನ್ನೊಂದು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ದುಡ್ಡು ಕೊಟ್ಟರೆ ಪಾತ್ರ ಕೊಡಿಸುತ್ತೇವೆ, ನಮ್ಮಲ್ಲೇ ಫೋಟೊ ತೆಗೆಸಿದರೆ ಆಡಿಷನ್‌ಗೆ ಕರೆಯುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ನಟನಿಗೆ ದುಡ್ಡು ಬರಬೇಕು, ನಟನಿಂದ ಹೋಗಬಾರದು. ನನಗೆ ಗೊತ್ತಿರುವ ಒಬ್ಬಳು ಅಮ್ಮನ ಬಳೆ ಅಡವಿಟ್ಟು ಕೊಟ್ಟಳು. ಆ ಫೋನ್ ನಂಬರ್ ಮತ್ತೆ ಹತ್ತಲೇ ಇಲ್ಲ.

ಕಳೆದ ವಾರ ಒಬ್ಬ ಹುಡುಗಿ ತನ್ನ ಮೊದಲ ದೊಡ್ಡ ಪಾತ್ರದ ಬಗ್ಗೆ ಎಲ್ಲರಿಗೂ ಕಳಿಸಲು ಬರೆದ ಮೆಸೇಜನ್ನು ನನಗೆ ತೋರಿಸಿದಳು. "ನಿಮ್ಮೆಲ್ಲರ ಪ್ರೀತಿಯ, ಬಹುಮುಖ ಪ್ರತಿಭೆಯ" ಅಂತ ಶುರುವಾಗಿ ಹದಿನಾರು ಸಾಲು. ಹಾಕಲು ಅವಳಿಗೇ ಮುಜುಗರ. ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಂದೊಂದೇ ಪದ ಅಳಿಸಿದೆವು. ಕೊನೆಗೆ ಉಳಿದದ್ದು ನಾಟಕದ ಹೆಸರು, ದಿನ, ಜಾಗ, ಟಿಕೆಟ್ ಸಿಗುವ ಕಡೆ, "ನಾನು ಇದರಲ್ಲಿ ಸೊಸೆಯ ಪಾತ್ರ ಮಾಡ್ತಿದ್ದೇನೆ, ಬನ್ನಿ" ಅನ್ನುವ ಒಂದು ಸಾಲು. ಕೆಳಗೆ ಅವಳೇ ಸೇರಿಸಿದಳು: "ಸರಿಯಾಗಿ ಏಳೂವರೆಗೆ ಬಾಗಿಲು ಹಾಕ್ತಾರೆ, ಬೇಗ ಬನ್ನಿ." ಅಲ್ಲೇ ಕೂತು ಮೊದಲು ತನ್ನ ಚಿಕ್ಕಪ್ಪನಿಗೆ ಕಳಿಸಿದಳು. ಎರಡು ನಿಮಿಷಕ್ಕೆ ಉತ್ತರ ಬಂತು: "ಎಷ್ಟು ಟಿಕೆಟ್ ತಗೊಳ್ಲಿ?"